ಹಸಿರು ಇಫ್, ಕೆಂಪು ಕಾಮೆಂಟು

ಹೋದ ತಿಂಗಳು ಒಂದು ಸಮಾರಂಭದಲ್ಲಿ ನಮ್ಮ ಮನೆಯವರು ಒಂದರ ಹಿಂದೆ ಒಂದು ಮೂರು ಲೋಟ ನೀರು ಕುಡಿದರು. ಒಂದು ಲೋಟವೂ ಬಾಯಾರಿಕೆಗಲ್ಲ. ಮೂರಕ್ಕೂ ನಾನೇ ಕಾರಣ.

ಖಾರದ ಅಡುಗೆ ಬಡಿಸಿ ಕಳಿಸಿದ್ದೆನೆಂದುಕೊಂಡಿರಾ? ಅಲ್ಲ. ಬೆಳಗಿನ ಇಡ್ಲಿಗೆ ಬರೀ ತೆಂಗಿನಕಾಯಿ ಚಟ್ನಿ. ನಾನು ಮಾಡಿದ ಅನಾಹುತವೇ ಬೇರೆ. ಕಂಪ್ಯೂಟರಿಗೆ ಬಣ್ಣ ಹಚ್ಚಿದ್ದೆ.

(ಪೇಂಟು ಡಬ್ಬ, ಬ್ರಷ್ಷು ಎಂದೆಲ್ಲ ಯೋಚಿಸಬೇಡಿ. ಹೇಳುತ್ತೇನೆ.)

ನಮ್ಮವರು ಸೇಲಂನಿಂದ ಓಮಲೂರಿಗೆ ಹೋಗುವ ದಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಮ್ಯಾಥಮ್ಯಾಟಿಕ್ಸ್ ಮೇಷ್ಟ್ರು. ಕಂಪ್ಯೂಟರ್ ಎಂದರೆ ಪ್ರಾಣ. ಕಾಲೇಜಿಗೆ ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ಪ್ರೋಗ್ರಾಮು ಬರೆಯುತ್ತಿದ್ದರು. ಎಲ್ಲಿ? ಕಾಗದದ ಮೇಲೆ. ಬರೆದು, ಕಣ್ಣು ಮುಚ್ಚಿ, ತಲೆಯೊಳಗೇ ಓಡಿಸಿ, "ಉತ್ತರ ಸರಿಯಾಗ್ ಬಂತು" ಎಂದು ಹಿಗ್ಗುತ್ತಿದ್ದರು. ಒಲೆಯಿಲ್ಲದೆ ಅಡುಗೆ ಮಾಡಿ ತೇಗುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಫಿಯನ್ನೂ ಕೊಟ್ಟಿದ್ದೇನೆ.

ಈ ವರ್ಷ ಕಾಲೇಜಿಗೆ ನಿಜವಾದ ಲ್ಯಾಬ್ ಬಂತು. ತಂದವರು ಕರೆಸ್ಪಾಂಡೆಂಟ್, ಎಂದರೆ ಕಾಲೇಜಿನ ಯಜಮಾನರು. ಅವರು ಮೊದಲು ಲಾರಿ ಇಟ್ಟವರು. ಲಾರಿ ಹೆಚ್ಚಾದ ಮೇಲೆ ಕಾಲೇಜು ಇಟ್ಟವರು. ಒಳ್ಳೆಯ ಮನಸ್ಸಿನ ಮನುಷ್ಯ. ಆದರೆ ಅವರಿಗೆ ಎಲ್ಲವೂ ಬಣ್ಣ ಬಣ್ಣವಾಗಿ ಕಾಣಬೇಕು. ಲಾರಿಯ ಹಿಂದೆ ಕಮಲ, ನವಿಲು, ಎರಡು ಗಿಳಿ ಇಲ್ಲದಿದ್ದರೆ ಆ ಲಾರಿ ಶೆಡ್ಡಿನಿಂದ ಹೊರಗೇ ಬರುವುದಿಲ್ಲ.

ಲ್ಯಾಬಿಗೆ ಕಲರ್ ಮಾನಿಟರುಗಳನ್ನೇ ತರಿಸಿದರು. ನಮ್ಮವರು ಒಂದು ಪ್ರೋಗ್ರಾಮು ತೋರಿಸಿದರು. ಕಪ್ಪು ತೆರೆ, ಬಿಳಿ ಅಕ್ಷರ.

"ಎನ್ನ ಸಾರ್, ಸಾವು ಓಲೆ ಮಾದಿರಿ ಇರುಕ್ಕು!" ಎಂದರಂತೆ ಕರೆಸ್ಪಾಂಡೆಂಟ್. ಸಾವಿನ ಕಾಗದದ ಹಾಗಿದೆಯಲ್ಲ ಎಂದು. "ಪೇಂಟ್ ಇಲ್ಲಾದ ಲಾರಿಕ್ಕು ಯಾರು ಸಾರ್ ಲೋಡು ಕುಡುಪ್ಪಾಂಗ?"

ಪೇಂಟಿಲ್ಲದ ಲಾರಿಗೆ ಯಾರು ಲೋಡು ಕೊಡುತ್ತಾರೆ? ಪ್ರಶ್ನೆ ಸರಿಯಾಗಿಯೇ ಇತ್ತು. ಲ್ಯಾಬಿನ ಉದ್ಘಾಟನೆಯ ದಿನ ಊರಿನ ದೊಡ್ಡವರೆಲ್ಲ ಬರುತ್ತಾರೆ, ಅಂದು ನಮ್ಮವರು ಪ್ರೋಗ್ರಾಮು ಓಡಿಸಿ ತೋರಿಸಬೇಕು, ಕಲರ್ ಕಲರಾಗಿ. ಚೆನ್ನಾಗಿ ನಡೆದರೆ ಲ್ಯಾಬಿನ ಇನ್‌ಚಾರ್ಜ್ ಅವರೇ. ಇಲ್ಲದಿದ್ದರೆ ಕೊಯಮತ್ತೂರಿನಿಂದ ಒಬ್ಬ ಹೊಸ ಹುಡುಗ ಬರಲು ರೆಡಿಯಾಗಿದ್ದಾನೆ.

ಅಷ್ಟು ವರ್ಷ ಕಾಗದದ ಮೇಲೆ ಅಡುಗೆ ಮಾಡಿದವರ ಮುಂದೆ ಒಲೆ ಇಟ್ಟು, ಹೊತ್ತಿಸುವವನು ಬೇರೆ ಎಂದರೆ ಹೇಗಾಗಬೇಡ? ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಮನೆಗೇ ಒಂದು ಕಂಪ್ಯೂಟರ್ ಬಂತು. ಪ್ರಾಕ್ಟೀಸಿಗೆಂದು ಕರೆಸ್ಪಾಂಡೆಂಟ್ ಕಳಿಸಿದ್ದು. ಅವರದೇ ಲಾರಿಯಲ್ಲಿ, ಒಣಹುಲ್ಲಿನ ನಡುವೆ, ಬಾಣಂತಿಯಷ್ಟು ನಾಜೂಕಾಗಿ. ನಮ್ಮವರು ಅದನ್ನು ಊಟದ ಮೇಜಿನ ಮೇಲೆ ಇಟ್ಟು, "ಶೀಲಾ, ಬಣ್ಣ ನೀನೇ ಆರಿಸು. ನಿನ್ನ ಟೇಸ್ಟು ಚೆನ್ನಾಗೈತೆ" ಎಂದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಟೈಪ್‌ರೈಟಿಂಗ್ ಬರುತ್ತದೆ, ಎಂಬ್ರಾಯ್ಡರಿ ಬರುತ್ತದೆ. ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು ಹೊಲಿಗೆ ಕ್ಲಾಸಿನ ಸಿಸ್ಟರ್ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದಾರೆ. ಗಂಡ ಹೊಗಳಿದರೆ ಯಾವ ಹೆಂಗಸು 'ಯಾಕೆ ಹೊಗಳಿದಿರಿ' ಎಂದು ತನಿಖೆ ಮಾಡುತ್ತಾಳೆ?

ಪ್ರೋಗ್ರಾಮು ಬರೆಯುವ ಜಾಗಕ್ಕೆ ಎಡಿಟರ್ ಎನ್ನುತ್ತಾರೆ. (ನಮ್ಮ ಪತ್ರಿಕೆಯ ಎಡಿಟರ್ ಹಾಗಲ್ಲ, ಇದು ಬರೆದದ್ದನ್ನು ಕತ್ತರಿಸುವುದಿಲ್ಲ.) ಯಾವ ಪದ ಬಂದರೆ ಯಾವ ಬಣ್ಣದಲ್ಲಿ ತೋರಿಸಬೇಕು ಎಂಬ ನಿಯಮಗಳನ್ನು ಅದಕ್ಕೆ ಒಂದು ಫೈಲಿನಲ್ಲಿ ಬರೆದುಕೊಡಬೇಕು. ಬಣ್ಣಗಳಿಗೆ ನಂಬರುಗಳಿವೆ. ಬಣ್ಣ ಬದಲಾದರೂ ಪ್ರೋಗ್ರಾಮು ಬದಲಾಗುವುದಿಲ್ಲ. ಸುಣ್ಣ ಬಳಿದರೆ ಮನೆಯ ಅಡಿಪಾಯ ಬದಲಾಗುತ್ತದೆಯೆ?

ಪ್ರೋಗ್ರಾಮಿನಲ್ಲಿ ಮುಖ್ಯವಾಗಿ ಎರಡು ಜಾತಿ. ಇಫ್, ಎಲ್ಸ್, ವೈಲ್ ಎಂಬುವು ಕಂಪ್ಯೂಟರಿನ ಸ್ವಂತ ಪದಗಳು, ಅವು ಕೀವರ್ಡು. ಇನ್ನೊಂದು ಕಾಮೆಂಟು. ಅದು ಓದುವ ಮನುಷ್ಯರಿಗಾಗಿ ನಡುನಡುವೆ ಬರೆದಿಡುವ ಮಾತು. ಕಂಪ್ಯೂಟರ್ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ, ದಾಟಿಕೊಂಡು ಮುಂದೆ ಹೋಗುತ್ತದೆ. (ನಾನು ದಿನಾ ಬೆಳಿಗ್ಗೆ ನಮ್ಮವರಿಗೆ ಹೇಳುವುದೆಲ್ಲ ಈ ಜಾತಿಯದು.)

ಕೀವರ್ಡಿಗೆ ಕೆಂಪು, ಕಾಮೆಂಟಿಗೆ ಹಸಿರು ಎಂದು ತೀರ್ಮಾನಿಸಿದೆ. ನಿಯಮ ಬರೆದೆ. ಕಾಮೆಂಟು ಎಲ್ಲಿ ಶುರುವಾಗುತ್ತದೆ ಎಂದು ಎಡಿಟರಿಗೆ ಹೇಳಿದೆ; ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಮರೆತೆ. ಮೊದಲ ಸಾಲೇ ಕಾಮೆಂಟು. ಅಲ್ಲಿಂದ ಕೊನೆಯವರೆಗೆ ತೆರೆಯೆಲ್ಲ ಹಸಿರೋ ಹಸಿರು. ಕೆಂಪಿನ ಒಂದು ಚುಕ್ಕಿಯೂ ಇಲ್ಲ.

ನಮ್ಮವರು ಬಂದು ನಿಂತು ನೋಡಿದರು. "ಬಾಳ ಚೆನ್ನಾಗೈತೆ" ಎಂದರು.

ನನಗೆ ಸಿಟ್ಟು ಬಂತು. ನೋಡದೆಯೇ ಚೆನ್ನಾಗಿದೆ ಅನ್ನುವುದು ಗಂಡಸರಿಗೆ ಹೊಸದೆ? ಹೊಸ ಕರ್ಟನ್ನು ಹಾಕಿದರೂ ಇದೇ, ಸಾರಿಗೆ ಉಪ್ಪು ಮರೆತರೂ ಇದೇ. ತಪ್ಪನ್ನು ನಾನೇ ಸರಿಪಡಿಸಿದೆ. "ಕೀವರ್ಡು ಕೆಂಪು, ಕಾಮೆಂಟು ಹಸಿರು. ನೆನಪಿರಲಿ" ಎಂದೆ. ಅವರು ಎಲ್‌ಕೆಜಿ ಹುಡುಗನ ಹಾಗೆ ಎರಡು ಸಲ ಬಾಯಿಪಾಠ ಒಪ್ಪಿಸಿದರು. ಕಣ್ಣೆದುರಿಗೆ ಕಾಣುವುದನ್ನು ಯಾಕೆ ಬಾಯಿಪಾಠ ಮಾಡುತ್ತಾರೆ ಎಂದು ನಾನು ಆಗಲೂ ಕೇಳಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಇನ್ನೊಮ್ಮೆ ತೆರೆ ನೋಡಿದೆ. ಮನಸ್ಸಿಗೆ ಏಕೋ ಕಿರಿಕಿರಿ. ಇಫ್ ಕೆಂಪು, ವೈಲ್ ಕೆಂಪು. ಕೆಂಪು ಇಂಕು ಎಂದರೆ ಏನು? ತಪ್ಪು! ನಮ್ಮ ಸಿಸ್ಟರುಗಳು ಕೆಂಪಿನಲ್ಲಿ ಬರೆಯುತ್ತಿದ್ದುದು ತಪ್ಪಿನ ಮೇಲೆ, ಇಲ್ಲವೇ ಪುಟದ ಅಂಚಿನಲ್ಲಿ ಉಪದೇಶ. ಹಾಗಾದರೆ ಕೆಂಪು ಸಲ್ಲಬೇಕಾದದ್ದು ಕಾಮೆಂಟಿಗೆ. ಎರಡು ನಂಬರು ಅದಲು ಬದಲು ಮಾಡಿದೆ. ಕೀವರ್ಡು ಹಸಿರಾಯಿತು, ಕಾಮೆಂಟು ಕೆಂಪಾಯಿತು. ನಮ್ಮವರು ಸ್ನಾನಕ್ಕೆ ಹೋಗಿದ್ದರು. ಹೇಳಬೇಕು ಅನ್ನಿಸಲಿಲ್ಲ. ತೆರೆಯ ಮೇಲೆ ಬಣ್ಣದಲ್ಲೇ ಬರೆದಿರುವಾಗ ಬಾಯಲ್ಲಿ ಬೇರೆ ಹೇಳಬೇಕೆ?

ಲಾರಿ ಬಂದು ಕಂಪ್ಯೂಟರನ್ನು ಹೊತ್ತುಕೊಂಡು ಹೋಯಿತು.

ಸಭೆ ಜೋರಾಗಿತ್ತು. ದೀಪ ಹಚ್ಚಿದರು, ಮಾಲೆ ಹಾಕಿದರು. ಮೇಷ್ಟರುಗಳ ಹೆಂಡತಿಯರಿಗೆ ಎರಡನೆಯ ಸಾಲು. ನನ್ನ ಪಕ್ಕ ಪ್ರಿನ್ಸಿಪಾಲರ ಹೆಂಡತಿ. ನಮ್ಮವರ ಪ್ರೋಗ್ರಾಮು ಕರೆಸ್ಪಾಂಡೆಂಟರಿಗೆ ಪ್ರಿಯವಾಗಲೆಂದೇ ಬರೆದದ್ದು: ಸೇಲಂನಿಂದ ಲಾರಿ ಹೊರಟರೆ ಧರ್ಮಪುರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ದಾರಿಯಲ್ಲಿ ತೊಪ್ಪೂರು ಘಾಟ್ ಬಂದರೆ ವೇಗ ತಾನಾಗಿ ಇಳಿಯಬೇಕು. ಅದಕ್ಕೊಂದು ಇಫ್.

ತೆರೆ ಬೆಳಗಿತು. ಸಭೆಯೆಲ್ಲ "ಆಹಾ" ಅಂದಿತು. ನಾನು ಸೆರಗು ಸರಿ ಮಾಡಿಕೊಂಡೆ.

ಕರೆಸ್ಪಾಂಡೆಂಟರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಬಣ್ಣ ಚೆನ್ನಾಗಿ ಬರುತ್ತದೆ. "ಸಾರ್, ಅಂದ ಸೆವಪ್ಪು ಎಳುತ್ತು ಎನ್ನ ಸಾರ್?" ಎಂದರು. ಆ ಕೆಂಪು ಅಕ್ಷರ ಏನು?

ನಮ್ಮವರು ಕೋಲು ಎತ್ತಿ ಬಲು ಠೀವಿಯಿಂದ ಇಫ್ ಮೇಲೆ ಇಟ್ಟರು. "ಇದುದಾನ್ ಸಾರ್ ಸೆವಪ್ಪು. ಕೀವರ್ಡು."

"ಅದು ಪಚ್ಚೈ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಮ್ಮವರು ಕೋಲನ್ನು ತೆಗೆದು ಇನ್ನೊಂದು ಇಫ್ ಮೇಲೆ ಇಟ್ಟರು. ಅದೂ ಹಸಿರು. ಕೋಲು ಗಾಳಿಯಲ್ಲೇ ಅತ್ತಿತ್ತ ಅಲೆಯಿತು. ನಾನು ಮೊದಲು ಗಾಬರಿ ಇರಬೇಕು ಎಂದುಕೊಂಡೆ. ಆಮೇಲೆ ಅವರ ಕಣ್ಣು ನೋಡಿದೆ. ಅದು ಗಾಬರಿಯ ಕಣ್ಣಲ್ಲ. ಕತ್ತಲೆಯಲ್ಲಿ ಬೆಂಕಿಪೊಟ್ಟಣ ತಡಕುವವರ ಕಣ್ಣು. ಎದುರಿಗೇ, ಕೈಯಳತೆಯಲ್ಲೇ, ಕೆಂಡದಂಥ ಕೆಂಪು ಸಾಲು. ಅವರಿಗೆ ಸಿಗುತ್ತಿಲ್ಲ.

"ರೀ, ಅದಲ್ಲ. ಕೆಳಗಿಂದ ಮೂರ್ನೇ ಸಾಲು" ಎಂದೆ, ಕನ್ನಡದಲ್ಲಿ, ಸ್ವಲ್ಪ ಜೋರಾಗಿಯೇ.

ಕರೆಸ್ಪಾಂಡೆಂಟ್ ತಿರುಗಿದರು. "ಮೇಡಂ ಎನ್ನ ಸೊಲ್ರಾಂಗ?" ಮೇಡಂ ಏನನ್ನುತ್ತಾರೆ?

"ತಣ್ಣಿ ವೇಣುಮಾನ್ನು ಕೇಕ್ಕುರಾಂಗ ಸಾರ್" ಎಂದುಬಿಟ್ಟರು ನಮ್ಮವರು. ನೀರು ಬೇಕಾ ಎಂದು ಕೇಳುತ್ತಿದ್ದಾಳಂತೆ!

ಅಟೆಂಡರ್ ಓಡಿ ಹೋಗಿ ನೀರು ತಂದ. ಕುಡಿಯದೆ ವಿಧಿಯಿಲ್ಲ. ಕುಡಿದು, ಕೆಳಗಿನಿಂದ ಮೂರನೆಯ ಸಾಲಿಗೆ ಕೋಲು ಇಟ್ಟು, "ಇದು ಕಾಮೆಂಟು ಸಾರ್. ತೊಪ್ಪೂರು ಘಾಟ್, ಮೆದುವಾ ಪೋ ಅಂತ ಡ್ರೈವರುಗೆ ಹೇಳೋ ಹಾಗೆ" ಎಂದು ಕನ್ನಡ ತಮಿಳು ಕಲಸಿ ವಿವರಿಸಿದರು. ಮೆಲ್ಲಗೆ ಹೋಗು ಎಂದು.

ಯಜಮಾನರಿಗೆ ಖುಷಿ. "ಮೇಲೆ ಇನ್ನೊರು ಸೆವಪ್ಪು ಇರುಕ್ಕೇ?"

"ಮ್ಯಾಲಿಂದ ಮೊದಲ್ನೇದು, ರೀ."

ಇನ್ನೊಂದು ಲೋಟ ನೀರು.

ಆಮೇಲೆ ಯಜಮಾನರು ಲಾರಿಯ ವೇಗ ನೋಡಿ ಹೌಹಾರಿದರು. ಘಾಟಿನಲ್ಲಿ ಇಷ್ಟು ಸ್ಪೀಡೇ? ನನ್ನ ಡ್ರೈವರ್ ಪ್ಲೇನ್ ಓಡಿಸುತ್ತಾನಾ? ಆ ಪಚ್ಚೈ ಪಕ್ಕದ ನಂಬರ್ ಇಳಿಸಿ ಎಂದರು. ನಮ್ಮವರಿಗೆ ತಾವೇ ಬರೆದ ಪ್ರೋಗ್ರಾಮಿನ ಮೇಲೂ ನಂಬಿಕೆ ಹೋಗಿತ್ತು. ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಟೆಂಡರ್ ನೀರಿಗೆ ಹೊರಟಿದ್ದ.

"ಎಷ್ಟು ಅಕ್ಕರೆಯಮ್ಮಾ ನಿಮಗೆ" ಎಂದು ಪ್ರಿನ್ಸಿಪಾಲರ ಹೆಂಡತಿ ತಮಿಳಿನಲ್ಲಿ ಮೆಚ್ಚಿಕೊಂಡರು. "ಎನ್ ವೀಟ್ಟುಕ್ಕಾರರು ಕೇಟ್ಟಾಲೂ ನಾನ್ ಕುಡುಕ್ಕ ಮಾಟ್ಟೇನ್." ಅವರು ಗಂಡ ಕೇಳಿದರೂ ನೀರು ಕೊಡುವವರಲ್ಲವಂತೆ.

(ಸೇಲಂನಲ್ಲಿ ಕನ್ನಡ ಬರುವವರು ಕಡಿಮೆಯೇನಲ್ಲ. ಆ ಸಭೆಯಲ್ಲೂ ಒಬ್ಬಿಬ್ಬರು ಇದ್ದಿರಬೇಕು. ಇದ್ದರೆ, ಅವರ ಮೌನಕ್ಕೆ ನನ್ನ ನಮಸ್ಕಾರ.)

ಕೊನೆಗೂ ಲಾರಿ ಧರ್ಮಪುರಿ ಮುಟ್ಟಿತು. ಚಪ್ಪಾಳೆ. ಪ್ರೋಗ್ರಾಮನ್ನು ಯಾರೂ ಓದಲಿಲ್ಲ. ಬಣ್ಣವನ್ನು ಎಲ್ಲರೂ ನೋಡಿದರು. ಕರೆಸ್ಪಾಂಡೆಂಟ್ ಅಲ್ಲಿಯೇ ಘೋಷಿಸಿದರು: ಇನ್‌ಚಾರ್ಜ್ ನಮ್ಮ ಸಾರೇ. ಮತ್ತು ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಇದೇ ಬಣ್ಣ.

ನಮ್ಮವರು ಕೈ ಮುಗಿದರು. ಮುಖ ಮಾತ್ರ ಭೇದಿ ಹಿಡಿದವರ ಹಾಗಿತ್ತು.

ಬಸ್ಸು ಹತ್ತಿದೆವು. ಸೇಲಂ ಹತ್ತಿರವಾದಾಗ ನಾನೇ ಕೇಳಿದೆ. "ರೀ, ನಿಮಗೆ ಕೆಂಪು ಕಾಣಲ್ವಾ?"

"ಕಾಣ್ತೈತೆ." ಕಿಟಕಿಯ ಹೊರಗೇ ನೋಡುತ್ತಿದ್ದರು. "ಕೆಂಪು ಅಂತ ಗೊತ್ತಾಗಲ್ಲ. ಪಚ್ಚೇನೂ ಅಂಗೇ. ಎರಡೂ ಉಣಸೆಹಣ್ಣಿನ್ ಬಣ್ಣ."

ಇದರ ರುಚಿ ನಿಮಗೆ ಹತ್ತಬೇಕಾದರೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮಾವನವರು ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಅವರು ಅದ್ದಿ ತೆಗೆದ ಅರಗಿನ ಬಣ್ಣವನ್ನು, ಎಂದರೆ ಕಡುಗೆಂಪನ್ನು, ಕೇಳಿಕೊಂಡು ಹರೂರಿನ ಕಡೆಯಿಂದಲೂ ಮಗ್ಗದವರು ಬರುತ್ತಿದ್ದರಂತೆ. ಅಂಥ ಮನೆಯಲ್ಲಿ, ಇರುವ ಒಬ್ಬನೇ ಮಗ ಇವರು.

"ಕೆಂಪು ಲಡಿ ತಗೊಂಬಾರೋ ಅಂದ್ರೆ ಪಚ್ಚೆ ಲಡಿ ತರ್ತಿದ್ದೆ. ಕೊಬ್ಬು ಅಂತ ಅಪ್ಪ ಬಾರಿಸ್ತಿದ್ರು. ಕೊನೇಗೆ, ಈ ಕಣ್ಣು ಬಣ್ಣಕ್ಕಾಗಲ್ಲ, ಓದೋಕ್ ಓಗು ಅಂದ್ರು. ಲೆಕ್ಕ ತಗೊಂಡೆ. ಅದ್ರಲ್ಲಿ ಬೋರ್ಡು ಕಪ್ಪು, ಚಾಕ್‌ಪೀಸು ಬಿಳಿ. ನೆಮ್ಮದಿಯಾಗಿದ್ದೆ."

ಬಣ್ಣಕ್ಕೆ ಹೆದರಿ ಲೆಕ್ಕಕ್ಕೆ ಓಡಿದರು. ಲೆಕ್ಕದಿಂದ ಕಂಪ್ಯೂಟರಿಗೆ ಬಂದರು. ಬಣ್ಣ ಕಲರ್ ಮಾನಿಟರ್ ಹತ್ತಿಕೊಂಡು ಹಿಂದೆಯೇ ಬಂತು!

ನಾನು ಸಣ್ಣಪುಟ್ಟದ್ದನ್ನೆಲ್ಲ ಗಮನಿಸುತ್ತೇನೆ ಎಂದು ನೀವು ಆಗಾಗ ಕಾಗದ ಬರೆಯುತ್ತೀರಿ. ಏನು ಗಮನಿಸಿದ್ದೆ? ಮಾವಿನಹಣ್ಣನ್ನು ಇವರು ನೋಡುವುದಿಲ್ಲ, ಒಂದೊಂದನ್ನೂ ಮೂಸಿ ಆರಿಸುತ್ತಾರೆ. ಎಂಥ ರಸಿಕರು ಎಂದುಕೊಂಡಿದ್ದೆ. ಮಗಳ ಒಂದು ಜಡೆಗೆ ಕೆಂಪು, ಇನ್ನೊಂದಕ್ಕೆ ಹಸಿರು ರಿಬ್ಬನ್ ಕಟ್ಟಿ ಸ್ಕೂಲಿಗೆ ಕಳಿಸಿದ್ದರು. ಗಂಡಸರ ಕೆಲಸ ಇಷ್ಟೇ ಎಂದು ನಕ್ಕಿದ್ದೆ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. "ಅತ್ತೆ, ನಿಮಗೆ ಮೊದಲೇ ಗೊತ್ತಿತ್ತಾ?"

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಗೊತ್ತಿಲ್ದೇ ಏನವ್ವಾ. ಎತ್ತೋಳು ನಾನು."

"ನಮ್ಮ ಅಪ್ಪನಿಗೆ ಹೇಳಲೇ ಇಲ್ಲವಲ್ಲ?"

"ಯೋಳಿದ್ರೆ ಎಣ್ಣು ಕೊಡ್ತಿದ್ರಾ? ಅವನಿಗೆ ಕಣ್ಣಿಗೇನ್ ಬಂದಿರೋದು, ದಾರಿ ಕಾಣ್ತೈತೆ, ಪುಸ್ತಕ ಕಾಣ್ತೈತೆ. ನೀನೂ ಕಾಣ್ತೀಯ. ಇನ್ನೇನ್ ಬೇಕು?"

ಉತ್ತರ ಇದ್ದರೆ ಯಾರಾದರೂ ಕಳಿಸಿಕೊಡಿ.

ಇನ್ನು ಲ್ಯಾಬಿನ ಸಂಕಟ. ಅಲ್ಲಿ ಪ್ರತಿ ತೆರೆಯ ಮೇಲೂ ಕೆಂಪು, ಹಸಿರು. ದಿನಾ ಹುಡುಗರು ಎದ್ದು ನಿಂತು "ಸಾರ್, ಈ ಕೆಂಪು ಯಾಕೆ ಬಂತು" ಎನ್ನುತ್ತಾರೆ. ದಿನಾ ನಾನು ಹೋಗಿ ಎರಡನೆಯ ಸಾಲಿನಲ್ಲಿ ಕೂರಲಾಗುತ್ತದೆಯೆ? "ಯಜಮಾನರಿಗೆ ನಿಜ ಹೇಳಿಬಿಡಿ" ಎಂದೆ.

"ಉಚ್ಚಿಯಾ ನೀನು? ಅವರು ಲಾರಿಯೋರಲ್ವಾ. ಸಿಗ್ನಲ್ ತಿಳೀದ ಡ್ರೈವರ್ ಕೈಗೆ ವಂಡಿ ಕೊಡ್ತಾರಾ?"

ಅದೂ ನಿಜ. ಕರೆಸ್ಪಾಂಡೆಂಟರ ಶಾಸ್ತ್ರದಲ್ಲಿ ಬಣ್ಣ ತಿಳಿಯದವನಿಗೆ ಲೈಸೆನ್ಸ್ ಇಲ್ಲ. (ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮವರ ಒಪ್ಪಿಗೆಯೂ ಇದೆ.)

ಹಾಗಾದರೆ ಬದಲಾಗಬೇಕಾದದ್ದು ಯಾವುದು? ಕಣ್ಣು ಬದಲಾಗುವುದಿಲ್ಲ. ಯಜಮಾನರು ಬದಲಾಗುವುದಿಲ್ಲ. ಉಳಿದದ್ದು ನಿಯಮ.

ಭಾನುವಾರ ಮಧ್ಯಾಹ್ನ ಕಾಲೇಜಿಗೆ ರಜ. ಇಬ್ಬರೂ ಖಾಲಿ ಲ್ಯಾಬಿನಲ್ಲಿ ಕೂತೆವು. ಇರುವ ಬಣ್ಣಗಳನ್ನೆಲ್ಲ ಒಂದೊಂದಾಗಿ ತೆರೆಯ ಮೇಲೆ ತಂದೆ. "ಇದು?" "ಕಾಣ್ತೈತೆ." "ಇದು?" "ಆಗ್ಲಿನದ್ರ ತರಾನೇ." ಹಳದಿ ಬಂದಾಗ ಮುಖ ಅರಳಿತು. ನೀಲಿ ಬಂದಾಗ "ಆಂ, ಇದು ಬೇರೆ, ಇದು ಬೇರೆ" ಎಂದು ಮಕ್ಕಳ ಹಾಗೆ ಬೆರಳಿಟ್ಟು ತೋರಿಸಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಈ ಮನುಷ್ಯರಿಗೆ ಲೋಕ ಹೇಗೆ ಕಾಣುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು. ಕಾಮೆಂಟು ತಿಳಿ ನೀಲಿಯಾಯಿತು, ಕೀವರ್ಡು ಬಾಳೆಹಣ್ಣಿನ ಹಳದಿ. ಫ್ಲಾಪಿಗೆ ಹಾಕಿ ಎಲ್ಲ ಕಂಪ್ಯೂಟರಿಗೂ ಹಂಚಿದೆವು. ನನ್ನ ಕೆಂಪು ಇಂಕಿನ ಸಿದ್ಧಾಂತಕ್ಕೆ ಅಲ್ಲಿಗೆ ಮಂಗಳ.

ಸೋಮವಾರ ಕರೆಸ್ಪಾಂಡೆಂಟ್ ಬಾಗಿಲಲ್ಲೇ ನಿಂತುಬಿಟ್ಟರಂತೆ. "ಎನ್ನ ಸಾರ್, ಕಲರ್ ಮಾತ್ತಿಟ್ಟೀಂಗ?" ಬಣ್ಣ ಬದಲಾಯಿಸಿದಿರಾ?

"ಅಪ್‌ಗ್ರೇಡ್ ಸಾರ್" ಎಂದರಂತೆ ನಮ್ಮವರು.

"ಅಪ್ಪಡಿಯಾ!" ಯಜಮಾನರು ಪ್ರತಿ ತೆರೆಯನ್ನೂ ಮುಟ್ಟಿ ನೋಡಿ, ಸಂತೋಷದಿಂದ ಹೊರಟುಹೋದರಂತೆ. ಅಂದಿನಿಂದ ಹುಡುಗರು ಹಳದಿ ತೋರಿಸಿ ಕೇಳಿದರೆ ನಮ್ಮವರು ಹಳದಿಗೇ ಉತ್ತರ ಹೇಳುತ್ತಿದ್ದಾರೆ. ಯಾರೂ ನೀರು ತರುತ್ತಿಲ್ಲ.

ಆ ಸಂಜೆ ಅವರು ಗೆದ್ದವರ ಹಾಗೆ ಕಾಲು ಚಾಚಿ ಕುಳಿತಿದ್ದರು. ಅತ್ತೆ ಪಕ್ಕದಲ್ಲಿ ಹೂ ಕಟ್ಟುತ್ತಿದ್ದರು. ನನಗೆ ಒಂದು ಕುತೂಹಲ. "ಸರಿ, ಇದನ್ನು ಹೇಳಿ. ನನ್ನನ್ನು ನೋಡಲು ಬಂದ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ?"

"ಪಚ್ಚೆ" ಎಂದರು, ಯೋಚಿಸದೆ. "ಮರೀತೀನಾ? ಅವತ್ತು ಮನೇಲಿ ಯಾರೋ ಅದ್ರ ಪಚ್ಚೇನ ಒಗಳ್ತಿದ್ರು. ಬರೋವಾಗ ಬಸ್ಸಲ್ಲೇ ಅಮ್ಮಂಗೆ ಯೋಳ್ಬಿಟ್ಟೆ, ಆ ಪಚ್ಚೆ ಸೀರೆ ಎಣ್ಣಾದ್ರೆ ಸರಿ ಅಂತ."

ಅಂದು ನಾನು ಉಟ್ಟದ್ದು ಅರಗಿನ ಕೆಂಪು. ಹಸಿರು ಸೀರೆ ಉಟ್ಟು ನನ್ನ ಜೊತೆಗೇ ಕಾಫಿ ತಟ್ಟೆ ಹಿಡಿದು ಬಂದವಳು ನಮ್ಮ ಚಿಕ್ಕಪ್ಪನ ಮಗಳು. ಅವಳಿಗೂ ಆಗ ಗಂಡು ನೋಡುತ್ತಿದ್ದರು.

ಅತ್ತೆಯ ಕಡೆ ತಿರುಗಿದೆ. ಹೂ ಕಟ್ಟುವ ಕೈ ಒಂದು ಗಳಿಗೆ ನಿಂತಿತ್ತು. "ಎರಡ್ ಎಣ್ಣೂ ಚೆನ್ನಾಗೇ ಇದ್ವು ಬುಡು" ಎಂದು ಮತ್ತೆ ಕಟ್ಟತೊಡಗಿದರು.

ಈಗ ನೀವೇ ಹೇಳಿ: ಈ ಮನೆಗೆ ನನ್ನನ್ನು ಒಪ್ಪಿಕೊಂಡವರು ನಮ್ಮವರೋ, ನಮ್ಮ ಅತ್ತೆಯೋ?